ಧೂಳು ಹಿಡಿಯುವ ಹಕ್ಕು

ಗ್ರಂಥಾಲಯದ ಸೂಚನಾಫಲಕದಲ್ಲಿ ಯಾರೂ ನಿಂತು ಓದದ ಕಾಗದವೆಂದರೆ ‘ಹೊಸದಾಗಿ ಸೇರಿದ ಚಲನಚಿತ್ರಗಳು ಮತ್ತು ಸಾಕ್ಷ್ಯಚಿತ್ರಗಳು’ ಎಂಬ ಪಟ್ಟಿ. ಪುಸ್ತಕ ಹಿಂದಿರುಗಿಸದವರ ಪಟ್ಟಿಯನ್ನಾದರೂ ಜನ ತಮ್ಮ ಹೆಸರಿದೆಯೋ ಎಂದು ಅಳುಕುತ್ತ, ಗೊತ್ತಿದ್ದವರ ಹೆಸರಿದೆಯೋ ಎಂದು ಆಸೆಪಡುತ್ತ ಓದುತ್ತಾರೆ. ಕುವೈತಿನಂಥ ಊರಿನಲ್ಲಿ, ಬಕಾಲದಲ್ಲಿ ಸಾಮಾನು ಕಟ್ಟಿಕೊಡುವ ಹುಡುಗನ ಜೇಬಿನಲ್ಲೂ ಎರಡು ಫೋನು ಇರುವಾಗ, ಗ್ರಂಥಾಲಯವೊಂದು ದುಡ್ಡು ಕೊಟ್ಟು ಡಿವಿಡಿ ತರಿಸುವುದು ಮರಳುಗಾಡಿಗೆ ಮರಳು ಆಮದು ಮಾಡಿದಂತೆ ಕಾಣಬಹುದು. ಆದರೂ ತರಿಸಬೇಕು ಎಂಬುದು ನನ್ನ ವಾದ. ಜನ ಮುಗಿಬಿದ್ದು ನೋಡುತ್ತಾರೆ ಎಂದಲ್ಲ, ಸದ್ಯಕ್ಕೆ ಯಾರೂ ನೋಡುವುದಿಲ್ಲ ಎಂಬ ಕಾರಣಕ್ಕೇ ತರಿಸಬೇಕು. ಟಾಕೀಸಿಗೆ ಬಂದ ಸಿನಿಮಾ ಓಡಬೇಕು, ಓಡದಿದ್ದರೆ ಮುಂದಿನ ವಾರ ಎತ್ತಂಗಡಿ. ಫೋನಿನೊಳಗಿನ ಸಿನಿಮಾದ ಮೇಲೆ ಬೆರಳು ಬೀಳಬೇಕು, ಬೀಳದಿದ್ದರೆ ಒಂದು ದಿನ ಹೇಳದೆ ಕೇಳದೆ ಮಾಯ. ಹತ್ತು ವರ್ಷ ಯಾರೂ ಮುಟ್ಟದೆ, ಮರ್ಯಾದೆಗೆ ಕುಂದಿಲ್ಲದೆ, ಸುಮ್ಮನೆ ಕೂತು ಧೂಳು ಹಿಡಿಯುವ ಹಕ್ಕು ಒಂದು ಸಿನಿಮಾಕ್ಕೆ ಸಿಗುವುದು ಗ್ರಂಥಾಲಯದ ಕಪಾಟಿನಲ್ಲಿ ಮಾತ್ರ. ಧೂಳಿನ ಪೂರೈಕೆಯಲ್ಲಿ ಕುವೈತ್ ಎಂದೂ ಜಿಪುಣತನ ಮಾಡಿದ್ದಿಲ್ಲ. ‘ತೋಜ್’ ಎಂಬ ಧೂಳುಗಾಳಿ ಎದ್ದ ದಿನ ಮುಚ್ಚಿದ ಕಿಟಕಿಯೊಳಗಿನ ಮುಚ್ಚಿದ ಕಪಾಟಿನೊಳಗಿನ ಮುಚ್ಚಿದ ಡಬ್ಬಿಗೂ ಅದು ತನ್ನ ಪಾಲು ತಲುಪಿಸುತ್ತದೆ.

ಧೂಳು ಹಿಡಿಯುವ ಭಾಗ್ಯವಿಲ್ಲದ ಸಿನಿಮಾದ ಗತಿ ಏನು ಎಂಬುದಕ್ಕೆ ಕನ್ನಡದ ಮೊದಲ ವಾಕ್ಚಿತ್ರವೇ ಸಾಕ್ಷಿ. 1934ರ ‘ಸತಿ ಸುಲೋಚನ’ದ ಬಗ್ಗೆ ನಮಗೆ ಬೇಕಾದಷ್ಟು ಗೊತ್ತು: ನಿರ್ದೇಶಕರು ವೈ.ವಿ. ರಾವ್, ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ, ಚಿತ್ರೀಕರಣ ಕೊಲ್ಹಾಪುರದಲ್ಲಿ. ಸಿನಿಮಾ ಹೇಗಿತ್ತು ಎಂಬುದೊಂದು ಮಾತ್ರ ಗೊತ್ತಿಲ್ಲ, ಏಕೆಂದರೆ ಒಂದು ಪ್ರತಿಯೂ ಉಳಿದಿಲ್ಲ. ಗೋತ್ರ, ನಕ್ಷತ್ರ, ಜಾತಕ ಎಲ್ಲ ಕೈಯಲ್ಲಿದೆ, ಹುಡುಗಿಯೇ ಇಲ್ಲ. ಆ ಕಾಲದ ರೀಲುಗಳಲ್ಲಿ ಬೆಳ್ಳಿಯ ಅಂಶವಿರುತ್ತಿತ್ತು. ಓಟ ಮುಗಿದ ಎಷ್ಟೋ ಪ್ರಿಂಟುಗಳನ್ನು ಬೆಳ್ಳಿ ತೆಗೆಯುವವರಿಗೆ ತೂಕಕ್ಕೆ ಮಾರಿದ್ದುಂಟು. ನಮ್ಮ ಇಂದ್ರಜಿತು ಯಾರ ಕಾಲ್ಗೆಜ್ಜೆಯಾಗಿ ಮರುಹುಟ್ಟು ಪಡೆದನೋ! ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರ ಹುಟ್ಟುವ ಹೊತ್ತಿಗೆ 1964 ಆಗಿತ್ತು, ಸುಲೋಚನೆಗೆ ಮೂವತ್ತು ತುಂಬಿತ್ತು. ಇದರ ಪಕ್ಕದಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ಇಟ್ಟು ನೋಡಿ. 1977ರ ಚಿತ್ರ. ಅದರ ನೆಗೆಟಿವ್ ಅದೇ ಪುಣೆಯ ಭಂಡಾರದಲ್ಲಿತ್ತು. ಅಲ್ಲಿಂದ ತೆಗೆದು, ಜೀರ್ಣೋದ್ಧಾರ ಮಾಡಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಡುವಿನ ವರ್ಷಗಳಲ್ಲಿ ಆ ನೆಗೆಟಿವ್ ಮಾಡಿದ್ದು ಸುಮ್ಮನಿರುವ ಕೆಲಸ. ಸಾಲದ ಕಂತು, ಬಾಡಿಗೆ, ಗೋದಾಮಿನ ಹಂಗು ಇರುವ ನಿರ್ಮಾಪಕನಿಗೆ ಆ ಕೆಲಸ ಕೈಲಾಗುವಂಥದ್ದಲ್ಲ.

ಕುವೈತಿಗೂ ಈ ಮಾತು ಹೊಸದಲ್ಲ. ಇಲ್ಲಿ ಸಾರ್ವಜನಿಕ ಗ್ರಂಥಾಲಯ ಶುರುವಾದದ್ದು 1923ರಲ್ಲಿ. ಬುರ್ಗಾನಿನಲ್ಲಿ ಎಣ್ಣೆ ಸಿಕ್ಕಿದ್ದು 1938ರಲ್ಲಿ. ಎಣ್ಣೆಗಿಂತ ಹದಿನೈದು ವರ್ಷ ಮೊದಲೇ ಪುಸ್ತಕಕ್ಕೆ ಮನೆ ಕಟ್ಟಿದ ಊರು ಎಂದರೆ, ದುಡ್ಡು ಬಂದಮೇಲೆ ಓದು ಎಂದು ಮುಂದೂಡುವ ನಮಗೆ ಸ್ವಲ್ಪ ಮುಜುಗರವಾಗಬೇಕು. ಆ ಎಣ್ಣೆಯ ಮುಂಚಿನ ಕುವೈತ್ ಹೇಗಿತ್ತು ಎಂಬುದನ್ನು ಇವತ್ತು ನೋಡಬೇಕೆಂದರೆ ಖಾಲಿದ್ ಅಲ್ ಸಿದ್ದೀಕ್ 1972ರಲ್ಲಿ ತೆಗೆದ ‘ಬಸ್ ಯಾ ಬಹರ್’ ಎಂಬ ಕಪ್ಪುಬಿಳುಪು ಚಿತ್ರವೇ ಗತಿ. ಈ ದೇಶದ ಮೊದಲ ಕಥಾಚಿತ್ರ ಅದು. ಹೆಸರಿನ ಅರ್ಥ ಹೆಚ್ಚುಕಡಿಮೆ ‘ಸಾಕು ಮಾಡು, ಕಡಲೇ’ ಎಂದು. ಮುತ್ತು ತೆಗೆಯಲು ಮುಳುಗುವವರ ಕಥೆ. ಪ್ರೀತಿಸಿದ ಹುಡುಗಿಯನ್ನು ಮದುವೆಯಾಗುವಷ್ಟು ಸಂಪಾದಿಸಲು ಹೋದ ಬಡ ಹುಡುಗನನ್ನು ಕಡಲು ತೆಗೆದುಕೊಳ್ಳುತ್ತದೆ. ಖರ್ಜೂರ ತುಂಬಿಕೊಂಡು ಬಂದು ಮರದ ದಿಮ್ಮಿ ತುಂಬಿಕೊಂಡು ಹೋಗುತ್ತಿದ್ದ ಕುವೈತಿ ಹಡಗುಗಳನ್ನು ಕಂಡ ನಮ್ಮ ಪಡುಗಡಲ ತೀರದವರಿಗೆ ಈ ಕಥೆ ಪರಕೀಯವಲ್ಲ. ಆಮೇಲೆ ಕಡಲಿನ ದಿಕ್ಕು ಮಾತ್ರ ಬದಲಾಯಿತು: ಆಗ ಅವರ ಹುಡುಗರು ಮುತ್ತಿಗಾಗಿ ಮುಳುಗುತ್ತಿದ್ದರು, ಈಗ ಮಂಗಳೂರು, ಉಡುಪಿ, ಭಟ್ಕಳದ ಹುಡುಗರು ದಿನಾರಿಗಾಗಿ ಹಾರುತ್ತಾರೆ. ನಿರ್ದೇಶಕರು ಎಳವೆಯಲ್ಲಿ ಓದಿದ್ದೂ ಬೊಂಬಾಯಿಯಲ್ಲಿ. ಇಷ್ಟೆಲ್ಲ ಬಾದರಾಯಣ ಸಂಬಂಧವಿದ್ದರೂ ಸಾಲ್ಮಿಯಾ, ಅಬ್ಬಾಸಿಯಾಗಳ ಕನ್ನಡಿಗರ ಫೋನು ಈ ಚಿತ್ರವನ್ನು ತಾನಾಗಿ ತೋರಿಸುವ ಸಂಭವವಿಲ್ಲ. ‘ಕಾಂತಾರ’ ನೋಡಿದವರಿಗೆ ಅದು ಇನ್ನೊಂದು ‘ಕಾಂತಾರ’ವನ್ನೇ ಹುಡುಕುತ್ತದೆ, ಚಕ್ಕುಲಿ ಕೇಳಿದವರಿಗೆ ಕೋಡುಬಳೆ ತೋರಿಸುವ ಅಂಗಡಿಯವನ ಹಾಗೆ. ಗ್ರಂಥಾಲಯದ ಪಟ್ಟಿಗೆ ನಮ್ಮ ರುಚಿ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಕುತೂಹಲವೂ ಇಲ್ಲ. ಅಕಾರಾದಿಯಲ್ಲಿ ಅದು ಮುತ್ತಿನ ಪಕ್ಕದಲ್ಲಿ ಮೂತ್ರಕೋಶವನ್ನು ಕೂರಿಸುತ್ತದೆ. ನನಗೆ ಆ ನಿರ್ಲಕ್ಷ್ಯವೇ ಹಿತ.

ಇದಕ್ಕೆ ದೊಡ್ಡ ಆಕ್ಷೇಪ ಬರುವುದು ದೊಡ್ಡವರಿಂದಲೇ. ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಬರೆದರು. ಮೊದಲನೆಯದೇ ಪುಸ್ತಕಗಳಿರುವುದು ಬಳಕೆಗೆ ಎಂಬುದು. ಧೂಳಿನ ಹಕ್ಕಿಗೆ ಅಲ್ಲಿಗೆ ಮಂಗಳಾರತಿ ಆದಂತೆಯೇ. ಆದರೆ ಅವರ ಮೂರನೆಯ ಸೂತ್ರ ಪ್ರತಿ ಪುಸ್ತಕಕ್ಕೂ ಒಬ್ಬ ಓದುಗನಿದ್ದಾನೆ ಎನ್ನುತ್ತದೆ, ಅವನು ಯಾವ ತಾರೀಕಿಗೆ ಬರುತ್ತಾನೆ ಎಂದು ಹೇಳುವುದಿಲ್ಲ. ವರ ಬರುವ ತನಕ ಕನ್ಯೆಯನ್ನು ಮನೆಯಲ್ಲಿಟ್ಟುಕೊಳ್ಳಲೇಬೇಕಲ್ಲ. ಗ್ರಂಥಾಲಯಗಳೂ ಕಳೆ ಕೀಳುವ ನೆಪದಲ್ಲಿ ಹಳತನ್ನು ಹೊರಗೆ ಹಾಕುತ್ತವೆ ಎಂಬುದನ್ನು ಒಪ್ಪುತ್ತೇನೆ. ಅಲ್ಲಿ ಕನಿಷ್ಠ ಒಬ್ಬ ಮನುಷ್ಯ ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ, ನಿಟ್ಟುಸಿರು ಬಿಟ್ಟು ಹೊರಗೆ ಹಾಕುತ್ತಾನೆ. ಫೋನಿನ ಲೋಕದಲ್ಲಿ ಆ ನಿಟ್ಟುಸಿರೂ ಇಲ್ಲ. 2022ರ ನವೆಂಬರಿನಲ್ಲಿ ಡಿಸ್ನಿ ಪ್ಲಸ್ ‘ವಿಲ್ಲೋ’ ಎಂಬ ಅದ್ದೂರಿ ಸರಣಿಯನ್ನು ತೆರೆಗೆ ತಂದು, 2023ರ ಮೇ ತಿಂಗಳಲ್ಲಿ ತಾನೇ ಕಿತ್ತುಹಾಕಿತು. ಬಾಣಂತನ ಮುಗಿಯುವುದರೊಳಗೆ ಮಗುವನ್ನು ಮನೆಯಿಂದ ಹೊರಹಾಕಿದ ಹಾಗೆ. ಗ್ರಂಥಾಲಯಗಳು ಸ್ಟ್ರೀಮಿಂಗನ್ನೇ ಕೊಳ್ಳಲಿ ಎನ್ನುವವರಿಗೂ ಉತ್ತರವಿದೆ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ‘ಕೆನೊಪಿ’ ಎಂಬ ಸೇವೆಯನ್ನು ತನ್ನ ಸದಸ್ಯರಿಗೆ ಪುಕ್ಕಟೆ ಕೊಡುತ್ತಿತ್ತು. ಜನ ನೋಡಿದಷ್ಟೂ ಬಿಲ್ಲು ಬೆಳೆಯುವ ವ್ಯವಹಾರ. ಖರ್ಚು ತಾಳಲಾರದೆ 2019ರಲ್ಲಿ ಕೈಬಿಟ್ಟಿತು. ಮೊದಲ ಸೂತ್ರವನ್ನು ಓದುಗರು ಅಕ್ಷರಶಃ ಪಾಲಿಸಿದ್ದರಿಂದಲೇ ಗ್ರಂಥಾಲಯ ಸೋತ ಪ್ರಸಂಗ ಇದು. ಒಮ್ಮೆ ಕೊಂಡ ಡಿವಿಡಿ ನೂರು ಜನ ನೋಡಿದರೂ ನೂರೊಂದನೆಯವನ ಲೆಕ್ಕ ಕೇಳುವುದಿಲ್ಲ.

ಡಿವಿಡಿಯ ಪರವಾಗಿ ಇಷ್ಟು ಹೇಳಿದ ಮೇಲೆ ಅದರ ಮಡಿವಂತಿಕೆಯನ್ನೂ ಹೇಳದಿದ್ದರೆ ಮೋಸವಾದೀತು. ಭೂಮಂಡಲವನ್ನು ಡಿವಿಡಿ ಕಂಪನಿಗಳು ವಲಯಗಳಾಗಿ ಹಂಚಿಕೊಂಡಿವೆ. ಅಮೆರಿಕ ಒಂದನೆಯ ವಲಯ. ಯುರೋಪು, ಜಪಾನಿನ ಜೊತೆಗೆ ಕುವೈತ್ ಎರಡನೆಯದು. ಭಾರತ, ರಷ್ಯ, ಆಫ್ರಿಕದ ಬಹುಭಾಗ ಐದನೆಯದು. ಆ ಕಟ್ಟುಪಾಡಿನ ಪ್ರಕಾರ ಮಂಗಳೂರಿನಲ್ಲಿ ಕೊಂಡ ತಟ್ಟೆಯನ್ನು ಕುವೈತಿನ ಯಂತ್ರ ಮುಟ್ಟಿಸಿಕೊಳ್ಳಬಾರದು, ಅಮೆರಿಕದಿಂದ ತರಿಸಿದ್ದನ್ನು ಎರಡೂ ಕಡೆಯ ಯಂತ್ರಗಳು ಮುಟ್ಟಿಸಿಕೊಳ್ಳಬಾರದು. ನಾಲ್ಕೈದು ಗಂಟೆಯ ವಿಮಾನದಲ್ಲಿ ಉಪ್ಪಿನಕಾಯಿ, ಹಪ್ಪಳ, ಒಣಮೀನು, ಅತ್ತೆಯ ಮುನಿಸು ಎಲ್ಲ ದಾಟಿಬರುತ್ತವೆ, ರಾಜಕುಮಾರ್ ಮಾತ್ರ ದಾಟುವಂತಿಲ್ಲ. ಕೊನೆಗೆ ಎಲ್ಲ ವಲಯಗಳನ್ನೂ ನುಂಗುವ ಯಂತ್ರಗಳು ಅಂಗಡಿಗೆ ಬಂದವು, ಶಾಸ್ತ್ರ ಬಗೆಹರಿಯಿತು. ಈಗಿನ ಕಷ್ಟ ಬೇರೆ: ಯಂತ್ರವೇ ಮನೆಯಲ್ಲಿಲ್ಲ. ಆ ಕಾರಣಕ್ಕಾದರೂ ಯಂತ್ರವನ್ನೂ ಗ್ರಂಥಾಲಯವೇ ಇಟ್ಟುಕೊಳ್ಳಬೇಕು. ತಾಳೆಗರಿ ಓದಲು ಬರದವರ ಸಂಖ್ಯೆ ಹೆಚ್ಚಿತೆಂದು ತಾಳೆಗರಿಗಳನ್ನು ಒಲೆಗೆ ಹಾಕಿದವರನ್ನು ನಾವು ಇನ್ನೂ ಬೈಯುತ್ತಿದ್ದೇವೆ.

ಇನ್ನೊಂದು ಆಕ್ಷೇಪ, ಸಿನಿಮಾ ಸುಳ್ಳು ಹೇಳುತ್ತದೆ ಎಂಬುದು. ಹೇಳುತ್ತದೆ, ಅದಕ್ಕೇ ಒಂದರ ಪಕ್ಕ ಇನ್ನೊಂದನ್ನು ಇಡಬೇಕು. 1991ರಲ್ಲಿ, ಇರಾಕಿನೊಡನೆ ನಡೆದ ಯುದ್ಧದಲ್ಲಿ, ಇಲ್ಲಿ ಆರುನೂರಕ್ಕೂ ಹೆಚ್ಚು ಎಣ್ಣೆ ಬಾವಿಗಳು ಹೊತ್ತಿ ಉರಿದವು, ಕೊನೆಯ ಬೆಂಕಿ ನವೆಂಬರಿನಲ್ಲಿ ಆರಿತು. ಮರುವರ್ಷ ಎರಡು ಸಾಕ್ಷ್ಯಚಿತ್ರ ಬಂದವು. ‘ಫೈರ್ಸ್ ಆಫ್ ಕುವೈತ್’ ಬೆಂಕಿ ಆರಿಸಿದವರ ಸಾಹಸವನ್ನು ಐಮ್ಯಾಕ್ಸ್ ಪರದೆಯ ಅಗಲಕ್ಕೆ ತೋರಿಸಿ ಆಸ್ಕರ್ ನಾಮನಿರ್ದೇಶನ ಪಡೆಯಿತು. ವರ್ನರ್ ಹರ್ಟ್ಸಾಗ್ ‘ಲೆಸನ್ಸ್ ಆಫ್ ಡಾರ್ಕ್‌ನೆಸ್’ನಲ್ಲಿ ಅದೇ ಬೆಂಕಿಯನ್ನು ಯಾವುದೋ ಅನ್ಯಗ್ರಹದ ಪ್ರಳಯವೆಂಬಂತೆ ತೋರಿಸಿದರು. ಇವೆರಡನ್ನೂ ಎಲ್ಲಿಡಬೇಕೆಂದು ಯೋಚಿಸುವ ಗ್ರಂಥಪಾಲಕನ ಪಾಡು ನೋಡಿ: ಡ್ಯೂಯಿ ವರ್ಗೀಕರಣದಲ್ಲಿ ಸಿನಿಮಾಕ್ಕೆ 791.43, ಕುವೈತಿನ ಇತಿಹಾಸಕ್ಕೆ 953.67, ಅನ್ಯಗ್ರಹಕ್ಕೆ ಇತಿಹಾಸದ ಸಂಖ್ಯೆ ಎಲ್ಲಿಂದ ತರುವುದು? ಪಕ್ಕದಲ್ಲೇ 2016ರ ‘ಏರ್‌ಲಿಫ್ಟ್’ ಇಟ್ಟರೆ ಇನ್ನೂ ಮಜಾ. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಏರ್ ಇಂಡಿಯಾ ಅಮ್ಮಾನಿನಿಂದ 488 ಬಾರಿ ಹಾರಿ ಸಿಕ್ಕಿಬಿದ್ದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಊರಿಗೆ ಮುಟ್ಟಿಸಿತು. ಸಿನಿಮಾ ನೋಡಿದವರಿಗೆ ಅದೆಲ್ಲ ಅಕ್ಷಯ್ ಕುಮಾರ್ ಒಬ್ಬರೇ ಹೊತ್ತ ಗೋವರ್ಧನ ಎನಿಸುತ್ತದೆ. ಮೂರನ್ನೂ ಒಂದೇ ವಾರ ಎರವಲು ಪಡೆದವನಿಗೆ ಯಾರೂ ಪಾಠ ಹೇಳಬೇಕಿಲ್ಲ.

ಮೂರನ್ನೂ ಒಯ್ಯುವ ಅಂಥ ಪುಣ್ಯಾತ್ಮ ಎಲ್ಲಿದ್ದಾನೆ ಎಂದು ಕೇಳುವವರನ್ನು ಹೆಗ್ಗೋಡಿಗೆ ಕಳಿಸಬೇಕು. ಕೆ.ವಿ. ಸುಬ್ಬಣ್ಣ ಎಪ್ಪತ್ತರ ದಶಕದಲ್ಲಿ ಅಲ್ಲಿ ಅಡಿಕೆ ತೋಟದವರಿಗೆ ಕುರೊಸಾವ, ಡಿ ಸಿಕಾರ ಚಿತ್ರಗಳನ್ನು ತೋರಿಸಿದಾಗಲೂ ಇದೇ ಪ್ರಶ್ನೆ ಎದ್ದಿರಬೇಕು. ರೀಲುಗಳು ಬಂದದ್ದು ಪುಣೆಯ ಭಂಡಾರದಿಂದ, ಅದನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಅವರ ಔದಾರ್ಯದಿಂದ. 2012ರ ‘ಸೆಲ್ಯುಲಾಯ್ಡ್ ಮ್ಯಾನ್’ ಸಾಕ್ಷ್ಯಚಿತ್ರದಲ್ಲಿ ಆ ಊರಿನವರು ಜಗತ್ತಿನ ಆ ಚಿತ್ರಗಳನ್ನು ನೆನೆದು ಮಾತಾಡುತ್ತಾರೆ, ನೆಂಟರ ಮನೆಯ ಸುದ್ದಿ ಹೇಳುವ ಧಾಟಿಯಲ್ಲಿ. ಸಿನಿಮಾ ಮೊದಲು ಬರಬೇಕು, ನೋಡುವವರು ಆಮೇಲೆ ಬರುತ್ತಾರೆ. ಬಸ್ಸು ಬಾರದ ಊರಿನಲ್ಲಿ ಪ್ರಯಾಣಿಕರನ್ನು ಎಣಿಸಿ ಪ್ರಯೋಜನವಿಲ್ಲ.

ನನ್ನ ಕೈಗೆ ಪಟ್ಟಿ ಕೊಟ್ಟರೆ ‘ಘಟಶ್ರಾದ್ಧ’ದ ಕೆಳಗೆ ಇನ್ನೊಂದು ಜಾತಿಯ ಸಾಕ್ಷ್ಯಚಿತ್ರವನ್ನೂ ಸೇರಿಸುತ್ತೇನೆ: ಎಂಬತ್ತು ತೊಂಬತ್ತರ ದಶಕದ ಮದುವೆ ಕ್ಯಾಸೆಟ್ಟು. ರಜೆ ಸಿಗದೆ ಗಲ್ಫಿನಲ್ಲೇ ಉಳಿದ ಅಣ್ಣನಿಗೆ ತಂಗಿಯ ಮದುವೆಯನ್ನು ತೋರಿಸಿದ್ದು ಈ ವಿಎಚ್‌ಎಸ್. ಮೂರು ಗಂಟೆಯ ಚಿತ್ರ, ಅದರಲ್ಲಿ ಒಂದು ಗಂಟೆ ಊಟದ್ದು. ಕ್ಯಾಮೆರಾ ಬಂತೆಂದು ಎಲ್ಲರೂ ತುತ್ತನ್ನು ಬಾಯಿಯ ಹತ್ತಿರ ಹಿಡಿದು ಕಲ್ಲಾಗುತ್ತಾರೆ. ಆ ಕಾಲದ ಸೀರೆ, ಸಾರು, ಅಡುಗೆ ಭಟ್ಟರು, ಅಂಗಳದ ಚಪ್ಪರ, ಇಂದು ಇಲ್ಲದ ಅಜ್ಜಿಯರು ಎಲ್ಲ ಅದರಲ್ಲಿದ್ದಾರೆ. ಕರಾವಳಿಯ ಅಟ್ಟಗಳಲ್ಲಿ ಮಳೆಗಾಲಕ್ಕೊಮ್ಮೆ ಬೂಷ್ಟು ಹಿಡಿಯುತ್ತ ಆ ಟೇಪುಗಳು ಸಾಯುತ್ತಿವೆ. ಕುವೈತಿನ ಒಣಧೂಳು ಅವುಗಳ ಮಟ್ಟಿಗೆ ಆರೋಗ್ಯಧಾಮ. ಅಷ್ಟನ್ನೆಲ್ಲ ಇಡಲು ಜಾಗವೆಲ್ಲಿ ಎಂದು ಯಾರಾದರೂ ಕೇಳುವ ಮೊದಲೇ ಲೆಕ್ಕ ಕೊಡುತ್ತೇನೆ. ಯುದ್ಧದಲ್ಲಿ ಒಯ್ದಿದ್ದ ಕುವೈತಿನ ಕಾಗದಪತ್ರಗಳ ಒಂದು ಕಂತನ್ನು ಇರಾಕ್ 2021ರ ಮಾರ್ಚಿನಲ್ಲಿ ಹಿಂದಿರುಗಿಸಿದಾಗ ಅದು ಸುಮಾರು 8 ಟನ್ ತೂಗಿತಂತೆ, ಅದಕ್ಕೆ ಜಾಗ ಸಿಕ್ಕಿತು. ಕ್ಯಾಸೆಟ್ಟೊಂದಕ್ಕೆ ಡಬ್ಬಿ ಸೇರಿ ಕಾಲು ಕಿಲೋ ಎಂದು ಹಿಡಿಯಿರಿ. ಅದೇ ತೂಕಕ್ಕೆ ಮೂವತ್ತೆರಡು ಸಾವಿರ ಮದುವೆ, ಊಟ ಸಮೇತ.