ಗೆರೆಯಾಚೆಯ ಆಟಗಾರರು

ಆರು ವರ್ಷದ ಮಕ್ಕಳ ಫುಟ್‌ಬಾಲಿನಲ್ಲಿ ತಂಡಗಳು ಎರಡು ಎಂದು ತಿಳಿದವರು ಆ ಆಟವನ್ನು ನೋಡಿಲ್ಲ. ಕೆಂಪು ಜೆರ್ಸಿ, ನೀಲಿ ಜೆರ್ಸಿ ಎಲ್ಲ ಸೇರಿ ಒಂದೇ ತಂಡ, ಚೆಂಡೊಂದೇ ಎದುರಾಳಿ. ಅದು ಹೋದತ್ತ ಎಲ್ಲರೂ ಹೋಗುತ್ತಾರೆ. ಗೋಲ್‌ಕೀಪರ್ ಮಾತ್ರ ಆಟಕ್ಕೆ ಬೆನ್ನು ಹಾಕಿ, ಬಲೆಯ ಕಣ್ಣುಗಳಲ್ಲಿ ಒಂದೊಂದೇ ಬೆರಳು ತೂರಿಸುತ್ತಿರುತ್ತಾನೆ. ಒಬ್ಬನ ಲೇಸು ಬಿಚ್ಚಿ ಕೋಚ್ ಕಟ್ಟಲು ಕೂತರೆ, ಬಿಗಿಯಾಗಿ ಕಟ್ಟಿದ್ದ ತಮ್ಮ ಲೇಸನ್ನೂ ಬಿಚ್ಚಿಕೊಂಡು ಇನ್ನು ನಾಲ್ವರು ಸಾಲುಗಟ್ಟುತ್ತಾರೆ. ಯಾವ ಕಡೆಯ ಗೋಲಿಗೆ ಹೊಡೆದರೂ ಎಲ್ಲರೂ ಕುಣಿಯುತ್ತಾರೆ.

ನಿಜವಾದ ಪಂದ್ಯ ನಡೆಯುವುದು ಗೆರೆಯಾಚೆ. ಅದನ್ನು ನೋಡುವ ಭಾಗ್ಯ ನನಗೆ ಒದಗಿದ್ದು ಸೋದರಮಾವನಾದ ಕಾರಣಕ್ಕೆ. ಭಾನುವಾರ ಬೆಳಿಗ್ಗೆ ತಂಗಿಯ ಮಗನನ್ನು ಟರ್ಫಿಗೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸ. ಬೆಂಗಳೂರಿನ ಅಪ್ಪಂದಿರು ವಾರವಿಡೀ ಮೀಟಿಂಗಿನಲ್ಲಿ ಮ್ಯೂಟ್ ಮಾಡಿಕೊಂಡು ಕೂತದ್ದಕ್ಕೆಲ್ಲ ಅಲ್ಲಿ ಸೇಡು ತೀರಿಸಿಕೊಳ್ಳುತ್ತಾರೆ. "ಓಡೋ! ಬಿಡಬೇಡ್ವೋ! ಸ್ಪೇಸ್ ಕ್ರಿಯೇಟ್ ಮಾಡೋ!" ಕೇಳಿಸಿಕೊಳ್ಳುವ ಮಗುವಿಗೆ ಎಡಗಾಲು ಯಾವುದು, ಬಲಗಾಲು ಯಾವುದು ಎಂಬುದೇ ಇನ್ನೂ ಇತ್ಯರ್ಥವಾಗಿಲ್ಲ. ಅಷ್ಟರಲ್ಲಿ ಆಚೆಯಿಂದ ಅಮ್ಮ, "ಚಿನ್ನೂ, ನೀರು ಕುಡಿ" ಎನ್ನುತ್ತಾಳೆ. ಚಿನ್ನು ಚೆಂಡನ್ನು ಅಲ್ಲೇ ಬಿಟ್ಟು ನೀರು ಕುಡಿಯಲು ಬರುತ್ತಾನೆ. ಅವನ ಮಟ್ಟಿಗೆ ಅದು ಸರಿಯಾದ ನಿರ್ಧಾರ.

ಒಬ್ಬ ಅಪ್ಪ ಮಗನಿಗೆ ಐದನೇ ಸೈಜಿನ ಚೆಂಡು ತಂದಿದ್ದರು. ದೊಡ್ಡವರು ಆಡುವ ಚೆಂಡು ಅದು: ಸುತ್ತಳತೆ 68ರಿಂದ 70 ಸೆಂ.ಮೀ., ತೂಕ ಹತ್ತಿರ ಹತ್ತಿರ ಅರ್ಧ ಕೆ.ಜಿ. ಈ ವಯಸ್ಸಿಗೆ ಮೂರನೇ ಸೈಜು ಸಾಕು ಎಂದು ಕೋಚ್ ಹೇಳಿದರೆ, "ಬೆಳೀತಾನಲ್ಲ ಸರ್" ಎಂದರು. ಯೂನಿಫಾರಂ ಹೊಲಿಸುವಾಗಿನ ಲೆಕ್ಕ! ಅದನ್ನು ಒದ್ದ ಹುಡುಗ ಹಿಂದಕ್ಕೆ ಹೋದ. ಚೆಂಡು ಅಲ್ಲೇ ಇತ್ತು.

"ಇಷ್ಟೊಂದು ಮಕ್ಕಳಿಗೆ ಒಂದೇ ಚೆಂಡು ಕೊಟ್ಟು ಕಿತ್ತಾಡಿಸ್ತೀರಲ್ಲಪ್ಪ, ತಲೆಗೊಂದು ಕೊಡಬಾರದಾ?" ಎಂದು ಒಬ್ಬ ಅಜ್ಜಿ ಕೇಳಿದರು. ಹಳೇ ಜೋಕೆಂದು ಎಲ್ಲರೂ ನಕ್ಕರು. ಕೋಚ್ ನಗಲಿಲ್ಲ. "ಅಜ್ಜಿ ಹೇಳಿದ್ದೇ ಕರೆಕ್ಟು. ಪ್ರಾಕ್ಟೀಸಲ್ಲಿ ಪ್ರತಿ ಮಗೂಗೂ ಒಂದೊಂದು ಚೆಂಡು ಇರ್ಬೇಕು. ಮ್ಯಾಚಲ್ಲಿ ಈ ಕಡೆ ನಾಲ್ಕು ಜನ, ಆ ಕಡೆ ನಾಲ್ಕು ಜನ ಸಾಕು. ಆಗ ಎಲ್ರ ಕಾಲಿಗೂ ಚೆಂಡು ಸಿಗುತ್ತೆ" ಎಂದ. ಅಲ್ಲಿದ್ದವರಲ್ಲಿ ಫುಟ್‌ಬಾಲ್ ಬಲ್ಲವರು ಇವರಿಬ್ಬರೇ ಎಂದು ನನಗೆ ಅಂದೇ ಅನ್ನಿಸಿತು.

ಕೋಚ್ ಹಲಸೂರಿನ ಗೌತಮಪುರದ ಹುಡುಗ. ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ನೋಡದವರು ಹೋಗಿ ನೋಡಬೇಕು. "ನಾನು ಬಾಲ್ ಆಡ್ತೀನಿ ಅಂತ ನಮ್ಮಪ್ಪಂಗೆ ಗೊತ್ತಾಗಿದ್ದೇ ಶೂ ಕೇಳಿದಾಗ ಸರ್" ಎನ್ನುತ್ತಾನೆ. ಅವನು ಆಟ ಕಲಿತದ್ದರ ಗುಟ್ಟು ಅದೇ ಇರಬೇಕು.

ನಾರ್ವೆಯವರು ಈ ಗುಟ್ಟನ್ನೇ ನಿಯಮ ಮಾಡಿಟ್ಟಿದ್ದಾರೆ. ಅಲ್ಲಿನ ಕ್ರೀಡಾ ಒಕ್ಕೂಟ ಮಕ್ಕಳ ಕ್ರೀಡೆಗೆಂದೇ 1987ರಲ್ಲಿ ಕಟ್ಟಳೆ ತಂದಿತು. 2007ರಲ್ಲಿ ಅದಕ್ಕೆ ಮಕ್ಕಳ ಹಕ್ಕುಗಳನ್ನೂ ಸೇರಿಸಿತು. ಹನ್ನೊಂದು ತುಂಬುವ ವರ್ಷದವರೆಗೆ ಅಂಕಪಟ್ಟಿ ಇಲ್ಲ, ರ‍್ಯಾಂಕ್ ಇಲ್ಲ. ಬಹುಮಾನ ಕೊಡುವುದಾದರೆ ಎಲ್ಲರಿಗೂ. ಒಂದು ತಂಡ ನಾಲ್ಕು ಗೋಲಿನಿಂದ ಹಿಂದೆ ಬಿದ್ದರೆ ಒಬ್ಬ ಆಟಗಾರನನ್ನು ಹೆಚ್ಚಿಗೆ ಇಳಿಸಬಹುದು. ಇದನ್ನು ನಾನು ಗೆರೆಯಾಚೆಯ ಸಭೆಗೆ ನಿವೇದಿಸಿದೆ.

"ಸಾಲ ಮನ್ನಾ ಮಾಡಿದ ಹಾಗಾಯ್ತು" ಎಂದರು ಒಬ್ಬರು.

"ರ‍್ಯಾಂಕೇ ಇಲ್ಲ ಅಂದ್ರೆ ನಮ್ ಮಗು ಎಲ್ಲಿದೆ ಅಂತ ಗೊತ್ತಾಗೋದು ಹೇಗೆ?" ಎಂದರು ಇನ್ನೊಬ್ಬರು.

"ಅಲ್ಲೇ ಗೋಲ್ ಪೋಸ್ಟ್ ಹತ್ತಿರ ಕೂತು ರಬ್ಬರ್ ಕಾಳು ಆರಿಸ್ತಿದೆ" ಎಂದೆ.

ಫುಟ್‌ಬಾಲ್ ತಾರೆ ಹಾಲಂಡ್ ಬೆಳೆದದ್ದು ಅದೇ ನಾರ್ವೆಯ ಬ್ರೂನೆ ಎಂಬ ಪುಟ್ಟ ಊರಿನಲ್ಲಿ ಎಂದ ಮೇಲೆ ಸಭೆ ಗಂಭೀರವಾಯಿತು. ಒಬ್ಬರಂತೂ ಅಲ್ಲಿ ಅಕಾಡೆಮಿ ಫೀಸು ಎಷ್ಟಿರಬಹುದು ಎಂದು ಮೊಬೈಲಿನಲ್ಲಿ ಹುಡುಕತೊಡಗಿದರು.

ಮುಂದಿನ ಭಾನುವಾರ ಕೋಚ್ ಒಂದು ಪೊಟ್ಟಣ ಹಿಡಿದು ಬಂದ. ಆಟ ಶುರುವಾಗುವ ಮೊದಲು ಗೆರೆಯಾಚೆ ನಿಂತವರಿಗೆಲ್ಲ, ಅಜ್ಜಿಯೊಬ್ಬರನ್ನು ಬಿಟ್ಟು, ದಪ್ಪ ದಪ್ಪ ಕಡಲೆ ಮಿಠಾಯಿ ಹಂಚಿದ. ಬೆಲ್ಲದ ಪಾಕ ಚೆನ್ನಾಗಿ ಏರಿತ್ತು. ಕಚ್ಚಿದ ಹಲ್ಲು ಕಚ್ಚಿದಲ್ಲೇ. "ಪಾಸ್" ಎಂದು ಕೂಗಹೊರಟವರಿಂದ ಹೊರಟದ್ದು "ಮ್ಫ್" ಮಾತ್ರ. ಯಾರಿಗೋ ಹುಷಾರಿಲ್ಲವೇನೋ ಎಂದು ಮಕ್ಕಳು ಒಮ್ಮೆ ಈ ಕಡೆ ನೋಡಿದರು. ಆಮೇಲೆ ತಾವೇ ಮಾತಾಡಿಕೊಳ್ಳತೊಡಗಿದರು: "ಲೋ, ಇಲ್ಲಿ ಕೊಡೋ!" "ಈ ಸಲ ನೀನು ಹೊಡಿ!" ನನ್ನ ಅಳಿಯ ತಾನಾಗಿಯೇ ಒಂದು ಪಾಸ್ ಕೊಟ್ಟ. ನೀಲಿ ಜೆರ್ಸಿಯವನಿಗೆ ಕೊಟ್ಟ, ಆ ಮಾತು ಬೇರೆ. ಆದರೆ ಎಷ್ಟು ಚೊಕ್ಕವಾಗಿ ಕೊಟ್ಟ!

ಮಿಠಾಯಿ ಮುಗಿದದ್ದೇ ಮತ್ತೆ "ಸ್ಪೇಸ್ ಕ್ರಿಯೇಟ್ ಮಾಡೋ" ಆರಂಭವಾಯಿತು.

ಈಗ ಪೋಷಕರ ಗ್ರೂಪಿನಲ್ಲಿ ಪೋಲ್ ನಡೆದಿದೆ. ಮುಂದಿನ ವಾರಕ್ಕೆ ಕಡಲೆಯದೋ, ಕೊಬ್ಬರಿಯದೋ? ಅಪ್ಪಂದಿರೆಲ್ಲ ಕೊಬ್ಬರಿಯ ಕಡೆ. ಅದು ಬೇಗ ಕರಗುತ್ತದೆಂದು ಕೋಚ್ ಸುತರಾಂ ಒಪ್ಪುತ್ತಿಲ್ಲ.