ವಡೆಗಲ್ಲ, ವಿರಾಮಕ್ಕೆ

ಮೈಸೂರು ಬಸ್ಸು ಹತ್ತುವ ಮುನ್ನ 'ಮದ್ದೂರಲ್ಲಿ ಎಷ್ಟು ಹೊತ್ತು ನಿಲ್ಲಿಸ್ತೀರಾ?' ಎಂದು ಕಂಡಕ್ಟರನ್ನು ಕೇಳುವವರೆಲ್ಲ ವಡೆಪ್ರಿಯರಲ್ಲ. ಅವರಲ್ಲಿ ಕೆಲವರು ಐಬಿಎಸ್, ಅಂದರೆ ಕರುಳು ಕೆರಳುವ 'ಇರಿಟಬಲ್ ಬವೆಲ್ ಸಿಂಡ್ರೋಮ್' ಇರುವ ರೋಗಿಗಳು. ಮನೆಯಿಂದ ಹೊರಡುವಾಗ ಚಪ್ಪಲಿ ಮೆಟ್ಟಿ, ಮತ್ತೆ ಕಳಚಿ, 'ಒಂದ್ನಿಮಿಷ' ಎಂದು ಒಳಗೋಡುವುದು ಈ ವರ್ಗದ ಮೊದಲ ಲಕ್ಷಣ. ಹೊರಗೆ ಆಟೊದವನು ಹಾರ್ನ್ ಹೊಡೆದಷ್ಟೂ ಒಳಗಿನ ಕೆಲಸ ತಡವಾಗುತ್ತದೆ. ಮದುವೆಯೂಟದಲ್ಲಿ ಪಂಕ್ತಿಯ ಕೊನೆಯ ಎಲೆ, ಸಿನಿಮಾದಲ್ಲಿ ಅಂಚಿನ ಸೀಟು ಇವರಿಗೇ ಮೀಸಲು.

ಇವರ ಆಸ್ತಿ ಒಂದು ದಪ್ಪ ಫೈಲು. ರಕ್ತ, ಮಲ, ಸ್ಕ್ಯಾನ್, ಕೊಲೊನೊಸ್ಕೋಪಿ, ಎಲ್ಲವೂ ನಾರ್ಮಲ್. ಆ ಮಾತು ಕೇಳಿ ಬೇರೆಯವರು ದೇವರಿಗೆ ಕೈಮುಗಿದರೆ, ಇವರ ಮುಖ ಸಪ್ಪಗಾಗುತ್ತದೆ. ನೋವು ಇರುವುದು ನಿಜ, ಆದರೆ ಸಾಕ್ಷಿ ಹೇಳಲು ಒಂದು ರಿಪೋರ್ಟೂ ಮುಂದೆ ಬರುವುದಿಲ್ಲ.

ಭಾನುವಾರ ಸಂಜೆ ಮೆಣಸಿನಕಾಯಿ ಬಜ್ಜಿ ತಿಂದು ತೇಗಿದ ಇದೇ ಹೊಟ್ಟೆ, ಸೋಮವಾರ ಬೆಳಿಗ್ಗೆ ಮೀಟಿಂಗಿದ್ದರೆ ಎರಡು ಇಡ್ಲಿಗೆ ಗುಡುಗುಡು ಎನ್ನುತ್ತದೆ. ತಪ್ಪು ಹೊರುವುದು ಇಡ್ಲಿ. ಹಾಲು, ಕಡಲೆಬೇಳೆ, ಬದನೆಕಾಯಿ ಒಂದೊಂದಾಗಿ ಗಡಿಪಾರಾಗಿ, ಕೊನೆಗೆ ತಟ್ಟೆಯಲ್ಲಿ ಮಜ್ಜಿಗೆ ಅನ್ನ ಮಾತ್ರ ಉಳಿಯುತ್ತದೆ. ಮೀಟಿಂಗು ಮಾತ್ರ ಆರೋಪಿಗಳ ಪಟ್ಟಿಗೆ ಸೇರುವುದೇ ಇಲ್ಲ. ಕೆಲವರಿಗೆ ಕೆಲವು ಆಹಾರ ನಿಜಕ್ಕೂ ಆಗಿಬರುವುದಿಲ್ಲ. ಆದರೆ ಅಷ್ಟರಿಂದ ಸೋಮವಾರದ ಒಗಟು ಬಿಡಿಸಲಾಗದು.

ಕರುಳಿನ ಗೋಡೆಯಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳಿವೆ. ವೇಗಸ್ ನರದ ಮೂಲಕ ಅವು ಮಿದುಳಿನೊಡನೆ ಸದಾ ಮಾತಾಡುತ್ತಿರುತ್ತವೆ. ಆತಂಕವಾದಾಗ ಜಠರ ನಿಧಾನಿಸುತ್ತದೆ, ದೊಡ್ಡ ಕರುಳು ಅವಸರಪಡುತ್ತದೆ. ಪರೀಕ್ಷೆಯ ದಿನ ಇದು ಯಾರಿಗಾದರೂ ಆಗುವಂಥದ್ದೇ. ಐಬಿಎಸ್ ಇರುವವರಲ್ಲಿ ಇದರ ಜೊತೆಗೆ ಕರುಳಿನ ಸಂವೇದನೆಯೂ ಚುರುಕಾಗಿರುತ್ತದೆ. ಇತರರ ಗಮನಕ್ಕೇ ಬಾರದ ಚೂರು ಗ್ಯಾಸು ಇಲ್ಲಿ ನೋವಾಗಿ ದಾಖಲಾಗುತ್ತದೆ. 'ಈಗ ಶುರುವಾಗುತ್ತಾ?' ಎಂದು ಹೊಟ್ಟೆಗೇ ಕಿವಿಗೊಟ್ಟು ಕೂತರೆ ಸಣ್ಣ ಸದ್ದೂ ದೊಡ್ಡದಾಗಿ ಕೇಳುತ್ತದೆ. ಕೇಳಿದ್ದಕ್ಕೆ ಹೆದರಿಕೆ, ಹೆದರಿಕೆಗೆ ಮತ್ತಷ್ಟು ಗುಡುಗುಡು.

'ಟೆನ್ಶನ್ ಮಾಡ್ಕೋಬೇಡಿ' ಎಂಬ ಸಲಹೆಯಿಂದ, ಟೆನ್ಶನ್ ಆಗುತ್ತಿದೆಯಲ್ಲಾ ಎಂಬ ಹೊಸ ಟೆನ್ಶನ್ ಹುಟ್ಟುತ್ತದೆ. ಡಾಕ್ಟರು ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್ ಬರೆದುಕೊಟ್ಟರಂತೂ ಮುಗಿಯಿತು. ಅದು ಖಿನ್ನತೆಗೆ ಕೊಡುವ ಮಾತ್ರೆ ಎಂದು ಮೊಬೈಲಿನಲ್ಲಿ ಓದಿ, 'ನನಗೇನು ತಲೆ ಕೆಟ್ಟಿದೆಯಾ?' ಎಂದು ಡಬ್ಬಿಯಲ್ಲೇ ಉಳಿಸುತ್ತಾರೆ. ಅದು ಕರುಳಿನ ನೋವಿನ ಸಂಕೇತವನ್ನೂ ತಗ್ಗಿಸುತ್ತದೆ ಎಂದು ತಿಳಿಹೇಳಲು ಒಪಿಡಿಯಲ್ಲಿ ಪುರುಸೊತ್ತಿರುವುದಿಲ್ಲ.

ಆಲೋಚನೆಯ ಜಾಡು ಬದಲಿಸುವ ಸಿಬಿಟಿ ಚಿಕಿತ್ಸೆಯಿಂದ ಹಲವರಿಗೆ ಉಪಯೋಗವಾಗಿದೆ. ಮ್ಯಾಂಚೆಸ್ಟರಿನ ವೈದ್ಯರು 1984ರಲ್ಲೇ ಸಂಮೋಹನದಿಂದ ಕರುಳನ್ನು ಸಮಾಧಾನಪಡಿಸಬಹುದೆಂದು ತೋರಿಸಿದರು. ಇನ್ನೂ ಸ್ವಾರಸ್ಯದ್ದು 2010ರಲ್ಲಿ ಹಾರ್ವರ್ಡಿನ ತಂಡ ಪ್ರಕಟಿಸಿದ ಪ್ರಯೋಗ. 'ಇದರಲ್ಲಿ ಔಷಧಿಯೇ ಇಲ್ಲ' ಎಂದು ಮೊದಲೇ ಹೇಳಿ ಗುಳಿಗೆ ಕೊಟ್ಟರೂ 59% ರೋಗಿಗಳು ಸಾಕಷ್ಟು ಆರಾಮವಾಯಿತೆಂದರು. ಗುಳಿಗೆ ಪಡೆಯದವರಲ್ಲಿ ಹಾಗೆಂದವರು 35%. ನಮ್ಮ ಫೈಲಿನವರಾದರೆ ಅದನ್ನು ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳಿಯೇ ಕೇಳುತ್ತಿದ್ದರು.

ಆದರೆ ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಇವು ಟೆನ್ಶನ್ನಿನ ಲೆಕ್ಕಕ್ಕೆ ಬರುವುದಿಲ್ಲ. ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಡಾಕ್ಟರಿಗೆ ತೋರಿಸಬೇಕು.