ಎಲೆಯವರೆಗೆ ನಮ್ಮದು

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆ ಐದು ವರ್ಷದೊಳಗಿನವರಿಗೆ ಅನ್ವಯಿಸಿದಂತೆ ಕಾಣೆ. ಅವರ ಊಟ ಅಮ್ಮನಿಚ್ಛೆ, ಅಜ್ಜಿಯಿಚ್ಛೆ, ಕೆಲವೊಮ್ಮೆ ಪಕ್ಕದ ಮನೆಯವರಿಚ್ಛೆ. ಹಿಡಿ ತೊವ್ವೆ ಅನ್ನ ಗಂಟಲಿಳಿಯಲು ಚಂದಮಾಮ ಬರಬೇಕು, ಕಾಗೆ ಬರಬೇಕು, ಅವರಿಂದಾಗದಿದ್ದರೆ ಗುಮ್ಮ. ಈಗ ಈ ಮೂವರ ಕೆಲಸವನ್ನೂ ಮೊಬೈಲ್ ಒಂದೇ ಮಾಡುತ್ತಿದೆ. ಕಣ್ಣು ಪರದೆಗೆ ಅಂಟಿದ ಮಗುವಿಗೆ ‘ಸಾಕು’ ಎಂದು ಹೊಟ್ಟೆ ಹೇಳಿದರೂ ಕೇಳಿಸುವುದಿಲ್ಲ.

‘ವರ್ಷ ತುಂಬುವವರೆಗೆ ಚೆನ್ನಾಗಿ ತಿಂತಿತ್ತು ಕಣಮ್ಮ, ಯಾರ ಕಣ್ಣು ಬಿತ್ತೋ!’ ಎಂದು ಅಜ್ಜಿಯರು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ. ಕಣ್ಣಿನ ತಪ್ಪೇನಿಲ್ಲ, ಲೆಕ್ಕದ್ದಷ್ಟೇ. ಹುಟ್ಟುವಾಗ ಮೂರು ಕಿಲೋ ಇದ್ದ ಕೂಸು ವರ್ಷಕ್ಕೆ ಸುಮಾರು ಒಂಬತ್ತು ಕಿಲೋ ಆಗುತ್ತದೆ. ವರ್ಷಕ್ಕೆ ಮೂರು ಪಟ್ಟಿನ ಅದೇ ಓಟದಲ್ಲಿ ಬೆಳೆದರೆ ಮೂರನೆಯ ಹುಟ್ಟುಹಬ್ಬಕ್ಕೆ 81 ಕಿಲೋ! ಅದಕ್ಕೇ ಎರಡನೆಯ ವರ್ಷದಲ್ಲಿ ದೇಹವೇ ಓಟ ನಿಲ್ಲಿಸಿ ನಡೆಯತೊಡಗುತ್ತದೆ, ಹಸಿವೂ ತಗ್ಗುತ್ತದೆ. ತೂಕವೇ ಇಳಿಯುತ್ತಿದ್ದರೆ ಡಾಕ್ಟರ ಬಳಿ ಹೋಗಬೇಕು ನಿಜ. ಅರ್ಧ ಇಡ್ಲಿ ಉಳಿದದ್ದಕ್ಕೆ ಬೇಡ.

1920ರ ದಶಕದಲ್ಲಿ ಅಮೆರಿಕದ ವೈದ್ಯೆ ಕ್ಲಾರಾ ಡೇವಿಸ್ ಒಂದು ಸಾಹಸ ಮಾಡಿದರು. ಎದೆಹಾಲು ಬಿಡುತ್ತಿದ್ದ ಕೂಸುಗಳ ಮುಂದೆ ಬಗೆಬಗೆಯ ತಿನಿಸು ಇಡಿಸಿ, ‘ಮಗು ಕೈಚಾಚಿದ್ದನ್ನಷ್ಟೇ ಕೊಡಿ, ಏನೂ ಹೇಳಬೇಡಿ’ ಎಂದು ದಾದಿಯರಿಗೆ ಕಟ್ಟಪ್ಪಣೆ ಮಾಡಿದರು. ಒಂದೊಂದು ಮಗುವಿನ ಆಯ್ಕೆ ಒಂದೊಂದು ಬಗೆ. ಆದರೂ ಎಲ್ಲವೂ ಗಟ್ಟಿಮುಟ್ಟಾಗಿ ಬೆಳೆದವು. ಗುಟ್ಟು ತಿನಿಸುಗಳ ಪಟ್ಟಿಯಲ್ಲೇ ಇತ್ತೆಂದು ಡೇವಿಸ್ ಅವರೇ ಒಪ್ಪಿಕೊಂಡಿದ್ದರು: ಅದರಲ್ಲಿ ಸಕ್ಕರೆಯ ತಿಂಡಿಗೆ ಜಾಗವಿರಲಿಲ್ಲ. ಮುಂದೆ ಎಲಿನ್ ಸ್ಯಾಟರ್ ಎಂಬ ಆಹಾರತಜ್ಞೆ ಇದಕ್ಕೊಂದು ಪಾಲುಪಟ್ಟಿಯನ್ನೇ ಮಾಡಿಟ್ಟರು. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಪಾಲು. ಎಷ್ಟು, ತಿನ್ನಬೇಕೋ ಬೇಡವೋ ಎಂಬುದು ಮಗುವಿನ ಪಾಲು.

ಈ ಪಾಲು ಚೆನ್ನಾಗಿ ನಡೆಯುವುದು ನಮ್ಮ ಮದುವೆ ಊಟದ ಪಂಕ್ತಿಯಲ್ಲಿ. ಉಪ್ಪಿನಿಂದ ಪಾಯಸದವರೆಗೆ ಎಲ್ಲವೂ ಎಲೆಗೆ ಚೂರುಚೂರೇ ಬೀಳುತ್ತದೆ. ಬಡಿಸುವವರಿಗೆ ಮುಂದಿನ ಎಲೆಯ ಅವಸರ, ಅಮ್ಮನಿಗೆ ಪಕ್ಕದವರ ಸೀರೆಯ ವಿಚಾರಣೆ. ಮನೆಯಲ್ಲಿ ಸೌತೆಕಾಯಿ ಕಂಡರೆ ಮುಖ ತಿರುಗಿಸುವ ಪೋರ ಅಲ್ಲಿ ಕೋಸಂಬರಿಯನ್ನು ಒಂದೊಂದೇ ಕಾಳು ಹೆಕ್ಕಿ ತಿನ್ನುತ್ತಿರುತ್ತಾನೆ. ಯಾರೂ ನೋಡುತ್ತಿಲ್ಲವೆಂಬ ಧೈರ್ಯ! ಹೊಸ ರುಚಿಗೆ ಮಗು ಒಗ್ಗಲು ಆ ತಿನಿಸು ಹತ್ತು ಹನ್ನೆರಡು ಸಲ ಎಲೆಗೆ ಬಿದ್ದಿರಬೇಕಾಗಬಹುದು. ನಾವೋ ಎರಡೇ ಸಲ ಬಡಿಸಿ ‘ಇವನಿಗೆ ಇದು ಸೇರೋದೇ ಇಲ್ಲ’ ಎಂದು ತೀರ್ಪು ಬರೆದುಬಿಡುತ್ತೇವೆ.

ಹಾಗೆ ತೀರ್ಪು ಕೊಡುವ ಅಪ್ಪನ ತಟ್ಟೆಯ ಅಂಚಿನಲ್ಲೇ ಹಾಗಲಕಾಯಿಯ ಹೋಳುಗಳು ಸಾಲಾಗಿ ಕೂತಿರುತ್ತವೆ. ‘ನಂಗೆ ಆಗಿಬರಲ್ಲ’ ಎಂದು ಅವರೆಂದರೆ ಮನೆಮಂದಿಯೆಲ್ಲ ಗೌರವದಿಂದ ಒಪ್ಪುತ್ತಾರೆ. ಅದೇ ಮಾತು ಮೂರು ವರ್ಷದವನ ಬಾಯಲ್ಲಿ ಬಂದರೆ ಹಟ. ಹಾಗಲಕಾಯಿಯ ಪಾಠ ಅಪ್ಪನಿಂದಲೇ ಶುರುವಾಗಲಿ. ಬೇಕಾದರೆ ಮಗು ಎದುರಿಗೆ ಕೂತು ಎಷ್ಟು ತುತ್ತಾಯಿತೆಂದು ಎಣಿಸಲಿ.